ದೊರೆಯ ಸೊಂಟದ ಅಳತೆ

ಟೈಲರನ ಗ್ರಹಚಾರ ಕೆಟ್ಟಿದ್ದು ಒಂದು ಅಂಗಿಯಿಂದ. ಅಂಗಿ ಎಂದರೆ ನಿಮ್ಮದೋ ನನ್ನದೋ ಅಲ್ಲ, ಒಂದು ಅಳಿಲಿನದು. ಕೆಂಪು ಫ್ಲಾನೆಲ್ ಬಟ್ಟೆ, ಹೊಟ್ಟೆಯ ಮೇಲೆ ಎರಡು ಗುಂಡಿ, ಮುಂಗಾಲು ತೂರಿಸಲು ಎರಡು ತೂತು. ಇಂಥದ್ದನ್ನು ಹೊಲಿಯಬೇಕಾಗುತ್ತದೆಂದು ಗೊತ್ತಿದ್ದರೆ ಅವನು ಕತ್ತರಿಯನ್ನೇ ಹಿಡಿಯುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದ. ಮೇಲಿನ ಮಹಡಿಯ ಮನೆ ಒಡತಿ ಮೆಟ್ಟಿಲಿಳಿದು ಬಂದು ಆ ಅಂಗಿಯನ್ನು ಅವನ ಮುಂದೆ ಇಟ್ಟರು.

"ಮತ್ತೆ ಬಿಗಿ ಆಗಿದೆ ಟೈಲರಪ್ಪ. ಎರಡು ಬೆರಳು ಸಡಿಲ ಮಾಡು."

"ಹೋದ ತಿಂಗಳು ತಾನೇ ಬಿಚ್ಚಿ ಹೊಲಿದೆ ಅಮ್ಮಾವ್ರೆ! ಒಳಗೆ ಮಡಚಿದ ಬಟ್ಟೆ ಇನ್ನೇನೂ ಉಳಿದಿಲ್ಲ."

"ಉಳಿದಿಲ್ಲ ಅಂದ್ರೆ ತುಂಡು ಸೇರಿಸು. ಬೆಳೆಯೋ ಮಗು, ಏನ್ ಮಾಡೋಕಾಗುತ್ತೆ?"

ಬೆಳೆಯುವ ಮಗುವಿನ ಹೆಸರು ದೊರೆ. ಕೆಲವು ವರ್ಷಗಳ ಹಿಂದೆ ಎಲ್ಲ ಅಳಿಲುಗಳ ಹಾಗೆ ಅದೂ ನೂಲಿನೆಳೆಯಂತೆ ತೆಳ್ಳಗೆ ಒಡತಿಯ ಬಾಲ್ಕನಿಗೆ ಬಂದಿತ್ತು. ಅವರೊಂದು ಬಿಸ್ಕತ್ತು ಕೊಟ್ಟರು. ಮರುದಿನ ಅದು ಇನ್ನೊಂದು ಕೇಳಿತು. ಹಾಗೇ ಬಿಸ್ಕತ್ತು ಹೋಗಿ ಕ್ರೀಮ್ ಬಿಸ್ಕತ್ತು ಬಂತು, ಬಾಲ್ಕನಿ ಹೋಗಿ ಬೀರುವಿನ ಡ್ರಾಯರು ಬಂತು, ಅದರೊಳಗೆ ಉಣ್ಣೆಯ ಶಾಲು ಬಂತು. ಈಗ ದೊರೆ ಮರ ಹತ್ತುವುದನ್ನು ಬಿಟ್ಟು ಮೆಟ್ಟಿಲು ಹತ್ತುವುದನ್ನು ಕಲಿತಿದ್ದ, ಅದೂ ನಡುವೆ ಎರಡು ಕಡೆ ಕೂತು ಸುಧಾರಿಸಿಕೊಂಡು. ಎರಡನೇ ಮಹಡಿಯ ನಿವೃತ್ತ ಗಣಿತದ ಮೇಷ್ಟ್ರು ಅವನನ್ನು 'ಶಿಷ್ಯ' ಎಂದು ಕರೆದು ಗೋಡಂಬಿ ಕೊಡುತ್ತಿದ್ದರು. ಟೈಲರನ ಪಕ್ಕದ ಬೇಕರಿಯವನು 'ಬನ್ನು' ಎಂದು ಕರೆದು ನಿನ್ನೆಯ ಕೇಕು ಕೊಡುತ್ತಿದ್ದ. ಮೂರು ಮನೆಯ ಊಟ ಮಾಡುವವನಿಗೆ ಅಂಗಿ ಬಿಗಿಯಾಗದೆ ಇನ್ನೇನಾಗುತ್ತದೆ?

"ನಾನು ತಂಗಿ ಮನೆಗೆ ಹೋಗಿ ಸಂಜೆ ಬರ್ತೀನಿ. ಬಂದ ತಕ್ಷಣ ನಿನ್ನ ಅಂಗಡಿ ಕರಾರಿಗೆ ಸಹಿ ಹಾಕ್ತೀನಿ," ಎಂದರು ಒಡತಿ. "ಇಗೋ ಬೀಗದ ಕೈ. ದೊರೆ ಮಲಗಿದ್ದಾನೆ, ಈಗಲೇ ಎಬ್ಬಿಸಬೇಡ. ಹತ್ತು ಗಂಟೆಗೆ ಹೋಗಿ ತಿಂಡಿ ಕೊಡು. ಕಿಟಕಿ ಮಾತ್ರ ತೆಗೀಬೇಡ, ಅವನಿಗೆ ನೆಗಡಿ."

"ಆಗ್ಲಿ ಅಮ್ಮಾವ್ರೆ."

"ನಾನು ಬರೋ ಹೊತ್ತಿಗೆ ಅವನಿಗೇನಾದ್ರೂ ಆಗಿತ್ತೋ, ಈ ಅಂಗಡಿ ಬೇಕರಿಯವನಿಗೆ. ತಿಳೀತಾ?"

ಪಕ್ಕದಲ್ಲಿ ಬ್ರೆಡ್ಡು ಜೋಡಿಸುತ್ತಿದ್ದ ಬೇಕರಿಯವನ ಕಿವಿ ನೆಟ್ಟಗಾಯಿತು. ಹೊಸ ಒಲೆ ಹಾಕಲು ಜಾಗ ಸಾಲದೆ ಅವನು ಎಷ್ಟೋ ದಿನದಿಂದ ಟೈಲರನ ಅಂಗಡಿಯ ಮೇಲೆ ಕಣ್ಣಿಟ್ಟಿದ್ದ. ಟೈಲರನಿಗಾದರೋ ಅಂಗಡಿಯ ಹಿಂದಿನ ಕೋಣೆಯೇ ಮನೆ. ಕರಾರು ಅವತ್ತಿಗೆ ಮುಗಿಯುತ್ತಿತ್ತು. ಸಂಜೆ ಆ ಸಹಿ ಬೀಳದಿದ್ದರೆ ಮೆಷಿನ್ನು, ಹೆಂಡತಿ, ಅರ್ಧ ಹೊಲಿದ ಊರವರ ಬಟ್ಟೆ, ಎಲ್ಲವನ್ನೂ ಬೀದಿಯಲ್ಲಿಟ್ಟುಕೊಂಡು ಕೂರಬೇಕಾಗಿತ್ತು.

ಅವನು ಬೇರೆ ಕೆಲಸವನ್ನೆಲ್ಲ ಬದಿಗೊತ್ತಿ ದೊರೆಯ ಅಂಗಿಗೆ ತುಂಡು ಸೇರಿಸಿ ಹೊಲಿದ. ಆಮೇಲೆ ಹತ್ತು ಗಂಟೆಗೆ ಸರಿಯಾಗಿ ಮೇಲೆ ಹೋಗಿ ಬೀಗ ತೆಗೆದ.

ಅಬ್ಬಾ, ಆ ವಾಸನೆ! ಮುಗ್ಗಲು ಬಿಸ್ಕತ್ತು, ಒದ್ದೆ ಶಾಲು, ಇನ್ನೂ ಹೇಳಬಾರದ್ದು ಏನೇನೋ. ಟೈಲರ ಮೂಗು ಹಿಡಿದುಕೊಂಡೇ ಹೋಗಿ ಕಿಟಕಿ ತೆಗೆದ. ಒಂದೇ ನಿಮಿಷ, ಆಮೇಲೆ ಮುಚ್ಚಿದರಾಯಿತು ಅಂದುಕೊಂಡು ಅಡುಗೆಮನೆಗೆ ಹೋಗಿ ತಿಂಡಿ ಸಿದ್ಧ ಮಾಡಿದ. ಕ್ರೀಮು ಮೇಲೆ ಬರುವಂತೆ ಬಿಸ್ಕತ್ತು ಬಿಡಿಸಿದ, ಶೇಂಗಾ ಸುಲಿದ, ಮುಚ್ಚಳದಲ್ಲಿ ಹಾಲು ಹಾಕಿದ. ತಟ್ಟೆ ಹಿಡಿದು ಬೀರುವಿನ ಮುಂದೆ ಬಗ್ಗಿ ನಿಂತು, "ದೊರೇ, ಏಳಪ್ಪಾ," ಅಂದ. ಮನೆಯಲ್ಲಿ ಹೆಂಡತಿಯನ್ನೂ ಅವನು ಅಷ್ಟು ಮೆತ್ತಗೆ ಎಬ್ಬಿಸಿದವನಲ್ಲ.

ಡ್ರಾಯರು ಎಳೆದ. ಶಾಲು ಇತ್ತು, ದೊರೆ ಇರಲಿಲ್ಲ. ಮಂಚದ ಕೆಳಗೆ ನೋಡಿದ, ಚಪ್ಪಲಿಯ ಒಳಗೆ ನೋಡಿದ, ಹೂದಾನಿ ತಲೆಕೆಳಗು ಮಾಡಿದ. ತೆರೆದ ಕಿಟಕಿಯಲ್ಲಿ ಪರದೆ ಮಾತ್ರ ಪಟಪಟ ಬಡಿದುಕೊಳ್ಳುತ್ತಿತ್ತು.

ಕೆಳಗೆ ಹೆಂಡತಿ ಯಾರದೋ ಪ್ಯಾಂಟಿಗೆ ಕಾಲ್ಮಡಿಕೆ ಹೊಲಿಯುತ್ತಿದ್ದಳು. ಗಂಡನ ಮುಖ ನೋಡಿಯೇ ಸೂಜಿ ಕೆಳಗಿಟ್ಟಳು.

"ಕಿಟಕಿ ಯಾಕ್ರೀ ತೆಗೆಯೋಕೆ ಹೋದ್ರಿ?"

"ವಾಸನೆ ಕಣೇ! ಉಸಿರು ಕಟ್ಟುತ್ತಿತ್ತು."

"ಸರಿ ಹಾಗಾದ್ರೆ. ನಾಳೆಯಿಂದ ಬೀದೀಲಿ ಮಲಗೋಣ, ಬೇಕಾದಷ್ಟು ಗಾಳಿ ಬರುತ್ತೆ."

ಟೈಲರ ಮೆಟ್ಟಿಲು ಹತ್ತಿ ಮೇಷ್ಟ್ರ ಮನೆಗೆ ಓಡಿದ. ಮೇಷ್ಟ್ರು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಗೋಡಂಬಿ ಬಟ್ಟಲು ಇಟ್ಟುಕೊಂಡು ಕೂತಿದ್ದರು.

"ಮೇಷ್ಟ್ರೇ, ದೊರೆ ಈ ಕಡೆ ಬಂದ್ನಾ?"

"ಯಾವ ದೊರೆ? ಓ, ನಮ್ಮ ಶಿಷ್ಯನಾ? ಬರ್ತಾನೆ ಕೂತ್ಕೋ. ಹೊರಗಿದ್ದ ಅಂದ್ರೆ ಹನ್ನೊಂದಕ್ಕೆ ಇಲ್ಲಿ ಹಾಜರು. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದೆ, ಇವನಷ್ಟು ಸರಿಯಾದ ಹೊತ್ತಿಗೆ ಒಬ್ಬನೂ ಬರಲಿಲ್ಲ."

ಇಬ್ಬರೂ ಕಿಟಕಿಯನ್ನೇ ನೋಡುತ್ತ ಕೂತರು. ಮೇಷ್ಟ್ರಿಗೆ ಎದುರಿಗೆ ಯಾರಾದರೂ ಕೂತರೆ ಪಾಠ ಹೇಳದೆ ಇರಲಾಗುವುದಿಲ್ಲ.

"ನೋಡು, ಅಳಿಲುಗಳು ಮೊದಲೆಲ್ಲ ಕಾಯಿ, ಬೀಜ ಹೂತಿಡ್ತಾ ಇದ್ವು. ಕಷ್ಟಕಾಲಕ್ಕೆ ಇರಲಿ ಅಂತ. ನಮ್ಮ ಶಿಷ್ಯ ಅದನ್ನೆಲ್ಲ ಬಿಟ್ಟುಬಿಟ್ಟ."

"ಯಾಕೆ ಮೇಷ್ಟ್ರೇ?"

"ಯಾಕೆ ಅಂದ್ರೆ? ನಾನಿಲ್ವಾ!" ಎಂದರು ಮೇಷ್ಟ್ರು, ಎದೆ ಮುಟ್ಟಿಕೊಂಡು.

ಹನ್ನೊಂದಾಯಿತು, ಹನ್ನೊಂದೂವರೆ ಆಯಿತು. ಶಿಷ್ಯನ ಸುಳಿವಿಲ್ಲ. ಚಿಂತೆಗೆ ಮೇಷ್ಟ್ರೇ ಗೋಡಂಬಿಯೆಲ್ಲ ತಿಂದು ಮುಗಿಸಿದರು. ಅಷ್ಟರಲ್ಲಿ ಬಾಗಿಲಲ್ಲಿ ಬೇಕರಿಯವನು ಇಂಚಿ ಟೇಪು ಹಿಡಿದುಕೊಂಡು ನಿಂತಿದ್ದ. ಟೈಲರ ಜೇಬು ಮುಟ್ಟಿ ನೋಡಿಕೊಂಡ. ಅದು ಅವನದೇ ಟೇಪು.

"ಏನಿಲ್ಲ ಟೈಲರೇ, ನಿಮ್ಮ ಅಂಗಡಿ ಅಳತೆ ತಗೋತಿದ್ದೆ. ಒಲೆ ಹಿಡಿಸುತ್ತೆ. ದೊರೆ ಕಾಣ್ತಿಲ್ವಂತೆ? ಅಯ್ಯೋ ಪಾಪ," ಎಂದ. ಪಾಪ ಅನ್ನುವಾಗ ಅವನ ಮುಖ ಊರಗಲ ಅರಳಿತ್ತು.

ಟೈಲರ ಟೇಪು ಕಿತ್ತುಕೊಂಡು ಕೆಳಗಿಳಿದು ಬಂದು ತಲೆಯ ಮೇಲೆ ಕೈ ಹೊತ್ತು ಕೂತ. ಅಳುವೇ ಬಂದುಬಿಟ್ಟಿತ್ತು ಅವನಿಗೆ. ಈ ಕೋಣೆಯ ಒಂದೊಂದು ಮೊಳೆಯನ್ನೂ ಅವನೇ ಹೊಡೆದಿದ್ದ, ಮದುವೆಯಾಗಿ ಹೆಂಡತಿಯನ್ನು ಕರೆದುಕೊಂಡು ಬಂದದ್ದೂ ಇಲ್ಲಿಗೇ.

ಹೆಂಡತಿ ಕೆಂಪು ಅಂಗಿಯನ್ನು ಎತ್ತಿ ಹಿಡಿದಳು.

"ರೀ, ಆ ಅಮ್ಮ ದೊರೆನ ಹೇಗೆ ಗುರುತು ಹಿಡೀತಾರೆ?"

"ಹೇಗೆ ಅಂದ್ರೆ? ಅಂಗಿ ಹಾಕ್ಕೊಂಡಿರ್ತಾನಲ್ಲ."

"ಅಂಗಿ ಯಾರ ಹತ್ರ ಇದೆ?"

ಟೈಲರ ಅಂಗಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. "ಛೆ ಛೆ, ಅದು ಮೋಸ ಕಣೇ," ಎಂದ. ಎನ್ನುತ್ತಲೇ ಟೇಪು ಜೇಬಿಗೆ ಹಾಕಿಕೊಂಡು, ಒಂದು ಚೀಲಕ್ಕೆ ಬಿಸ್ಕತ್ತು, ಶೇಂಗಾ ತುಂಬಿಕೊಂಡು ಚಪ್ಪಲಿ ಮೆಟ್ಟಿದ.

ಬೀದಿಯ ಕೊನೆಯ ಪಾರ್ಕಿನಲ್ಲಿ ಅಳಿಲುಗಳಿಗೇನೂ ಬರವಿರಲಿಲ್ಲ. ಬರವಿದ್ದದ್ದು ಅಳತೆಗೆ. ಟೈಲರನ ಕಣ್ಣು ಕಸುಬಿನ ಕಣ್ಣು. ಒಳಗಿನ ಮರಗಳಲ್ಲಿ ಓಡಾಡುವ ಅಳಿಲುಗಳೆಲ್ಲ ಚಿಕ್ಕ ಸೈಜು, ದೊರೆಯ ಅಂಗಿಯಲ್ಲಿ ಅಂಥವು ಎರಡು ಹಿಡಿಸುತ್ತಿದ್ದವು. ಗೇಟಿನ ಹತ್ತಿರ, ತಿಂಡಿ ಗಾಡಿಯ ಪಕ್ಕದ ಬೆಂಚಿನ ಸುತ್ತ ಇದ್ದವೇ ಬೇರೆ. ಅವು ಓಡುತ್ತಿರಲಿಲ್ಲ, ನಡೆಯುತ್ತಿದ್ದವು. ಜನ ಬಂದರೆ ಹೆದರುವ ಬದಲು ಏನು ತಂದಿದ್ದಾರೆಂದು ಕೈ ನೋಡುತ್ತಿದ್ದವು. ಟೈಲರ ಅಲ್ಲೇ ಬೆಂಚಿನ ಮೇಲೆ ಕೂತ.

ಮೊದಲು ಸಿಪ್ಪೆಯಿದ್ದ ಶೇಂಗಾ ಎಸೆದ. ಒಂದು ದಪ್ಪ ಅಳಿಲು ಬಂದು ಅದನ್ನು ಹೊರಳಿಸಿ ನೋಡಿತು, ಮೂಸಿತು, ಅವನ ಮುಖ ನೋಡಿತು. ಇದನ್ನೇನು ಮಾಡಬೇಕು ಅನ್ನುವುದೇ ಅದಕ್ಕೆ ತಿಳಿಯಲಿಲ್ಲ.

"ಸುಲಿದು ಕೊಡ್ರೀ," ಎಂದ ತಿಂಡಿ ಗಾಡಿಯವನು. "ಈ ಗೇಟಿನವಕ್ಕೆ ಅದೆಲ್ಲ ಮರೆತುಹೋಗಿದೆ."

ಟೈಲರ ಚೀಲದಿಂದ ಕ್ರೀಮ್ ಬಿಸ್ಕತ್ತು ತೆಗೆದ. ಅಷ್ಟೇ ಸಾಕಾಯಿತು. ಅಳಿಲು ಬೆಂಚು ಹತ್ತಿ ಬಂದು ಅವನ ತೊಡೆಯ ಮೇಲೆ ಕೂತು ಎರಡೂ ಕೈ ಚಾಚಿತು. ಅದು ತಿನ್ನುತ್ತಿರುವಾಗ ಟೈಲರ ಮೆಲ್ಲಗೆ ಟೇಪು ಸುತ್ತಿದ. ಸೊಂಟ ಸ್ವಲ್ಪ ಕಮ್ಮಿ. ಇನ್ನೊಂದು ಬಂತು, ಅದಕ್ಕೆ ಎದೆ ಸಾಲದು. ಮೂರನೆಯದರ ಸೊಂಟ ಟೇಪಿನ ಗುರುತಿಗೇ ಬಂದು ನಿಂತಿತು, ಎದೆ, ಹೆಗಲು ಎಲ್ಲ ದೊರೆಯದೇ. ಟೈಲರನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಏನ್ರೀ ನಡೀತಿದೆ ಇಲ್ಲಿ?"

ಪಾರ್ಕಿನ ಕಾವಲುಗಾರ ಕೋಲು ಹಿಡಿದು ಮುಂದೆ ನಿಂತಿದ್ದ.

"ಏನಿಲ್ಲ ಸಾರ್, ಸ್ವಲ್ಪ ಅಳತೆ..."

"ಅಳಿಲಿಗಾ?"

"ಅದಕ್ಕೇ ಸಾರ್. ಅಂಗಿಗೆ."

ಕಾವಲುಗಾರ ಅವನನ್ನು ಮೇಲಿಂದ ಕೆಳಗೆ ನೋಡಿದ. ನೋಡುತ್ತ ನೋಡುತ್ತ ಅವನ ಕಣ್ಣಲ್ಲಿ ಸಿಟ್ಟು ಹೋಗಿ ಕರುಣೆ ಬಂತು. "ಮನೇಲಿ ಯಾರಾದ್ರೂ ಇದಾರಾ ನಿಮಗೆ?" ಎಂದು ಮೆತ್ತಗೆ ಕೇಳಿದ.

"ಹೆಂಡತಿ ಇದಾಳೆ. ಅವಳೇ ಕಳಿಸಿದ್ದು."

"ಹಾಗೋ," ಎಂದು ಕಾವಲುಗಾರ ದೀರ್ಘವಾಗಿ ಉಸಿರು ಬಿಟ್ಟ. "ನೋಡಿ, ಇವಕ್ಕೆ ತಿನ್ನಿಸಬಾರದು ಅಂತ ಬೋರ್ಡು ಹಾಕಿದೀವಿ. ಕೇಳೋರ್ಯಾರು? ದಿನಾ ನನ್ನ ಬುತ್ತಿ ಬಿಚ್ಚಿ ತಿಂತವೆ, ಅದೂ ನಾನು ನೋಡ್ತಿದ್ದ ಹಾಗೇ. ಒಂದನ್ನಲ್ಲ, ಬೇಕಾದ್ರೆ ಹತ್ತು ತಗೊಂಡು ಹೋಗಿ. ನಾನು ಆ ಕಡೆ ತಿರುಗಿರ್ತೀನಿ."

ಹಿಡಿಯುವ ಕಷ್ಟವೂ ಬೀಳಲಿಲ್ಲ. ಬಿಸ್ಕತ್ತಿನ ಪೊಟ್ಟಣ ಎಲ್ಲಿದೆಯೆಂದು ನೋಡಿ ಅಳಿಲು ತಾನಾಗಿಯೇ ಚೀಲಕ್ಕಿಳಿದು ಕೂತಿತು. ದಾರಿಯುದ್ದಕ್ಕೂ ಒಳಗಿನಿಂದ ಕರುಮ್ ಕುರುಮ್ ಸದ್ದು ಬರುತ್ತಿತ್ತು.

ಒಡತಿಯ ಮನೆಯೊಳಗೆ ಹೋಗಿ ಗಂಡ ಹೆಂಡತಿ ಸೇರಿ ಅಂಗಿ ತೊಡಿಸಿದರು. ಹೆಂಡತಿ ಬಿಸ್ಕತ್ತು ತೋರಿಸಿದಳು, ಅಳಿಲು ಕೈ ಚಾಚಿತು, ಟೈಲರ ಆ ಕೈಯನ್ನು ಅಂಗಿಯ ತೂತಿಗೆ ತೂರಿಸಿ ಗುಂಡಿ ಹಾಕಿದ. ಕೂತರೂ ಸುಕ್ಕಿಲ್ಲ, ನಿಂತರೂ ಸುಕ್ಕಿಲ್ಲ. ಟೈಲರ ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ಇಷ್ಟು ಚೆನ್ನಾಗಿ ಕೂತ ಅಂಗಿಯನ್ನು ಅವನು ಯಾವ ಗಿರಾಕಿಗೂ ಹೊಲಿದಿರಲಿಲ್ಲ.

"ಗುರುತು ಹಿಡಿದ್ರೆ?" ಎಂದ, ಭಯದಿಂದ.

"ಮೊದಲು ಬೇರೆಯವರು ಹಿಡೀಲಿ, ನೋಡೋಣ," ಎಂದು ಹೆಂಡತಿ ಹೋಗಿ ಮೇಷ್ಟ್ರನ್ನೂ ಬೇಕರಿಯವನನ್ನೂ ಕರೆದುಕೊಂಡು ಬಂದಳು. "ಸಿಕ್ಕಿಬಿಟ್ಟ ನೋಡಿ! ಬೀರುವಿನ ಹಿಂದೆ ಮಲಗಿದ್ದ."

ಮೇಷ್ಟ್ರು ಕನ್ನಡಕ ಏರಿಸಿ ಒಂದು ಗೋಡಂಬಿ ಚಾಚಿದರು. ಅಳಿಲು ಅದನ್ನು ಕಿತ್ತುಕೊಂಡಿತು.

"ಇವನೇ! ಅದೇ ಬುದ್ಧಿ! ಎಡಗೈಯಲ್ಲೇ ತಗೊಂಡ ನೋಡು. ಎಷ್ಟು ಹೇಳಿಕೊಟ್ರೂ ಬಲಗೈ ಚಾಚಲ್ಲ," ಎಂದ ಮೇಷ್ಟ್ರ ಕಣ್ಣಲ್ಲಿ ನೀರಾಡಿತು.

ಬೇಕರಿಯವನು ಅನುಮಾನದಿಂದಲೇ ಒಂದು ಚೂರು ಕೇಕು ಮುಂದೆ ಮಾಡಿದ. ಅಳಿಲು ಮೊದಲು ಮೇಲಿನ ಕ್ರೀಮು ನೆಕ್ಕಿತು, ಆಮೇಲೆ ಕೇಕಿನ ಮೇಲೆ ಬಿದ್ದಿತು. ಬೇಕರಿಯವನ ಮುಖ ಇಳಿದುಹೋಯಿತು. ಇವನು ದೊರೆಯೇ ಆದರೆ ಒಲೆಗೆ ಜಾಗವಿಲ್ಲ. ಆದರೂ ತನ್ನ ಕೇಕಿನ ವಿಷಯದಲ್ಲಿ ಅವನು ಸುಳ್ಳು ಹೇಳುವವನಲ್ಲ.

"ನಮ್ಮ ಬನ್ನುನೇ," ಎಂದ, ಸೋತವನ ದನಿಯಲ್ಲಿ. "ನನ್ನ ಕೇಕನ್ನ ಹೀಗೆ ತಿನ್ನೋದು ಪ್ರಪಂಚದಲ್ಲಿ ಇವನೊಬ್ಬನೇ."

ಟೈಲರನಿಗೆ ಕುಣಿದಾಡುವಷ್ಟು ಖುಷಿಯಾಯಿತು. ಇಬ್ಬರು ಸಾಕ್ಷಿ, ಮೈಗೊಪ್ಪುವ ಅಂಗಿ, ಇನ್ನೇನು ಬೇಕು? ಸ್ವಲ್ಪ ಹೊತ್ತಿಗೆ ಅವನಿಗೂ ಇದು ದೊರೆಯೇ ಇರಬಹುದೇನೋ ಅನ್ನಿಸತೊಡಗಿತು.

ಸಂಜೆ ಎಲ್ಲರೂ ಒಡತಿಯ ಮನೆಯಲ್ಲೇ ಕಾಯುತ್ತ ಕೂತರು. ಕೆಳಗೆ ಗೇಟಿನ ಸದ್ದಾಯಿತು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಹೆಜ್ಜೆಯ ಹಿಂದೆಯೇ ಅಳು ಕೇಳಿತು.

"ಅಯ್ಯೋ ನನ್ನ ದೊರೇ! ಎಲ್ಲಿ ಹೋದೆಯೋ ಕಂದಾ! ನಂಬಿ ಬಿಟ್ಟುಹೋದೆನಲ್ಲೋ! ಆ ಟೈಲರನ ಕೈಗೆ ಕೊಟ್ಟು ಕೆಟ್ಟೆನಲ್ಲೋ!"

ಒಳಗಿದ್ದವರು ಮುಖ ಮುಖ ನೋಡಿಕೊಂಡರು. ಇನ್ನೂ ಒಳಗೇ ಬಂದಿಲ್ಲ, ಯಾರೂ ಏನೂ ಹೇಳಿಲ್ಲ, ಆಗಲೇ ಅಳು! ಒಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದರು. ಸೆರಗು ತೆಗೆದರು. ಎದುರಿಗೆ ದಿಂಬಿನ ಮೇಲೆ, ಕೆಂಪು ಅಂಗಿಯಲ್ಲಿ, ಬಾಯಿತುಂಬ ಕೇಕು ತುಂಬಿಕೊಂಡ ಅಳಿಲು ಕೂತಿತ್ತು.

ಗರ ಬಡಿದವರ ಹಾಗೆ ನಿಂತುಬಿಟ್ಟರು ಒಡತಿ.

"ನಿಮ್ಮ ದೊರೆ ಅಮ್ಮಾವ್ರೆ," ಎಂದ ಟೈಲರ, ಹೆಮ್ಮೆಯಿಂದ. "ಜೋಪಾನವಾಗಿ ನೋಡ್ಕೊಂಡಿದೀನಿ."

"ನೀನು... ನೀನು ಹೇಗೋ ಬಂದೆ?" ಎಂದರು ಒಡತಿ, ಟೈಲರನಿಗಲ್ಲ, ಅಳಿಲಿಗೆ. ಹಾಗೇ ಕುರ್ಚಿಯ ಮೇಲೆ ಕುಸಿದರು. "ನಿನ್ನನ್ನ ಚೀಲದಲ್ಲಿ ಹಾಕ್ಕೊಂಡು ಎರಡು ಬಸ್ಸು ಬದಲಾಯಿಸಿ ಹೋಗಿದ್ದೆನಲ್ಲೋ! ಊರಾಚೆ ಕಾಡಿನ ಅಂಚಲ್ಲಿ ಮರದ ಕೊಂಬೆ ಮೇಲೆ ಕೂರಿಸಿ, ಹಿಂದೆ ತಿರುಗಿ ನೋಡದೆ ಬಂದೆನಲ್ಲೋ! ನನಗಿಂತ ಮುಂಚೆ ಮನೆಗೆ ಬಂದು ಕೂತಿದ್ದೀಯಲ್ಲೋ!"

ಟೈಲರನಿಗೆ ಈಗ ಅರ್ಥವಾಯಿತು. ಬೆಳಿಗ್ಗೆ ಅವನು ಬೀಗ ತೆಗೆದಾಗ ಮನೆ ಖಾಲಿಯೇ ಇತ್ತು. ಕಿಟಕಿಯಿಂದ ಯಾರೂ ಹೋಗಿರಲಿಲ್ಲ.

ಆಮೇಲೆ ಒಡತಿ ಎಲ್ಲವನ್ನೂ ಬಾಯಿಬಿಟ್ಟರು. ದೊರೆ ಹಾಸಿಗೆ ತೂತು ಮಾಡಿ ಹತ್ತಿ ಎಳೆಯುತ್ತಿದ್ದ. ಟಿವಿ ವೈರು ತಿಂದ. ಮುಂಜಾನೆ ಬಿಸ್ಕತ್ತು ತಡವಾದರೆ ಕಾಲ್ಬೆರಳು ಕಚ್ಚುತ್ತಿದ್ದ. ಹೊರಗೆ ಹಾಕೋಣವೆಂದರೆ ಬೀದಿಗೆಲ್ಲ ಮಗು ಮಗು ಎಂದು ಹೇಳಿಕೊಂಡು ಬಂದಿದ್ದಾರೆ, ಜನ ಏನನ್ನುವುದಿಲ್ಲ?

"ಅದಕ್ಕೇ ನಿನಗೆ ಬೀಗದ ಕೈ ಕೊಟ್ಟೆ ಟೈಲರಪ್ಪ. ನಿನ್ನಿಂದ ಕಳೆದುಹೋಯ್ತು ಅಂದ್ರೆ ನನ್ನ ಹೆಸರು ಕೆಡಲ್ಲ ಅಂತ. ತಪ್ಪಾಯ್ತು," ಎಂದು ಈ ಸಲ ನಿಜವಾಗಿಯೇ ಅತ್ತರು. "ಕೊಂಬೆ ಮೇಲೆ ಕೂರಿಸಿ ಕೈಗೊಂದು ಕಾಯಿ ಕೊಟ್ಟೆ. ಸುಲಿದು ಕೊಡ್ತೀನೇನೋ ಅಂತ ಅದನ್ನ ನನಗೇ ವಾಪಸ್ ಚಾಚಿದ ಕಣಪ್ಪ. ಆ ಮುಖ ಕಣ್ಣಿಂದ ಹೋಗ್ತಾನೇ ಇಲ್ಲ."

ಅಲ್ಲೆಲ್ಲೋ ಕತ್ತಲಾಗುತ್ತಿರುವ ಕಾಡಿನಲ್ಲಿ ಒಂಟಿ ಕಾಯಿ ಹಿಡಿದು ಕೂತ ದೊರೆಯನ್ನು ನೆನೆದು ಟೈಲರನಿಗೆ ಅಯ್ಯೋ ಅನ್ನಿಸಿತು. ಆದರೂ ಬಾಯಿಗೆ ಬೀಗ ಹಾಕಿಕೊಂಡ. ಮೊದಲು ಸಹಿ ಬೀಳಲಿ.

"ಅಮ್ಮಾವ್ರೆ, ಕರಾರು..." ಎಂದು ಕಾಗದ ಚಾಚಿದ.

"ಇರು. ಅಷ್ಟು ದೂರದಿಂದ ನನ್ನನ್ನ ಹುಡುಕ್ಕೊಂಡು ಬಂದ ಜೀವ. ಇನ್ನು ಇವನನ್ನ ಹೊರಗೆ ಹಾಕಿದ್ರೆ ನನಗೆ ನರಕದಲ್ಲೂ ಜಾಗ ಸಿಗಲ್ಲ. ಆದ್ರೆ ನನ್ನ ಜೊತೆ ಇಟ್ಕೊಳ್ಳೋ ಶಕ್ತೀನೂ ನನಗಿಲ್ಲ. ಇವನಿಗೇ ಅಂತ ಒಂದು ಪ್ರತ್ಯೇಕ ಕೋಣೆ ಬೇಕು. ಕೆಳಗಡೆ ಇರಬೇಕು, ಮೆಟ್ಟಿಲು ಹತ್ತೋಕೆ ಪಾಪ ಏದುಸಿರು ಬರುತ್ತೆ." ಒಡತಿ ಕಣ್ಣೊರೆಸಿಕೊಂಡು ಗಟ್ಟಿ ಮನಸ್ಸು ಮಾಡಿದರು. "ನಿನ್ನ ಅಂಗಡಿ ದೊರೆಗೆ."

ಟೈಲರ ಅಳಿಲಿನ ಕಡೆ ಬೆರಳು ತೋರಿಸಿ ಕೂಗಿದ. "ಅಮ್ಮಾವ್ರೆ! ಇದು ದೊರೆ ಅಲ್ಲ! ಪಾರ್ಕಿನ ಅಳಿಲು! ನಾನೇ ಅಳತೆ ನೋಡಿ ತಂದಿದ್ದು! ದೊರೆ ಅಲ್ಲೇ ಕಾಡಲ್ಲೇ ಇದಾನೆ, ಈಗಲೇ ಹೋದ್ರೆ ಸಿಕ್ತಾನೆ, ಬನ್ನಿ!"

ಮೇಷ್ಟ್ರು ಎದ್ದು ನಿಂತರು.

"ನಾಚಿಕೆ ಆಗಬೇಕು ನಿನಗೆ. ಅಂಗಡಿ ಹೋಗುತ್ತೆ ಅಂತ ಹೀಗೆ ಸುಳ್ಳು ಹೇಳೋದಾ? ನನ್ನ ಶಿಷ್ಯನನ್ನ ನಾನು ಗುರುತು ಹಿಡೀದೆ ಇರ್ತೀನಾ?"

"ನನ್ನ ಕೇಕು ತಿನ್ನೋನನ್ನ ನಾನು ಮರೀತೀನಾ?" ಎಂದ ಬೇಕರಿಯವನು. ಒಲೆಯ ಆಸೆ ಹೇಗೂ ಹೋಗಿತ್ತು, ಮರ್ಯಾದೆಯಾದರೂ ಉಳಿಯಲಿ ಎಂದುಕೊಂಡಿರಬೇಕು.

ಟೈಲರ ಕೊನೆಯ ಆಸೆಯಿಂದ ಹೆಂಡತಿಯ ಕಡೆ ತಿರುಗಿದ. "ನೀನಾದ್ರೂ ಹೇಳೇ!"

"ಹೌದಮ್ಮಾ, ಇದು ದೊರೆ ಅಲ್ಲ," ಎಂದಳು ಅವಳು.

"ನೀನು ತಾನೇನಮ್ಮ ಬೀರುವಿನ ಹಿಂದೆ ಸಿಕ್ಕಿದ ಅಂದಿದ್ದು?" ಎಂದರು ಮೇಷ್ಟ್ರು. ಅಳಿಲು ದಿಂಬಿನ ಮೇಲೆ ಅಂಗಿ ಸವರಿಕೊಂಡು ಇನ್ನೊಂದು ಚೂರಿಗೆ ಕೈ ಚಾಚಿತು.

ಟೈಲರನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಒಡತಿಯ ಮನಸ್ಸು ಕರಗಿತು. ಎಷ್ಟೆಂದರೂ ಕೆಟ್ಟವರಲ್ಲ.

"ಆಯ್ತು ಅಳಬೇಡ. ಬೀದಿಗೆ ಹಾಕಲ್ಲ. ದೊರೆಗೂ ಜೊತೆಗೆ ಯಾರಾದ್ರೂ ಬೇಕಲ್ಲ. ನೀನು, ನಿನ್ನ ಹೆಂಡತಿ ಹಿಂದಿನ ಕೋಣೇಲಿ ಇರಿ. ಅಂಗಡಿ ಮೂಲೇಲಿ ಮೆಷಿನ್ನು ಇಟ್ಕೋ. ಅವನು ಮಲಗಿದಾಗ ಮಾತ್ರ ಸದ್ದು ಮಾಡಬೇಡ. ಕರಾರಿನಲ್ಲಿ ಅವನ ಹೆಸರು ಬರೀತೀನಿ."

ಎಂದು ಕಾಗದದಲ್ಲಿ ಟೈಲರನ ಹೆಸರಿನ ಮೇಲೆ ಒಂದು ಗೀಟು ಎಳೆದು, ಅದರ ಪಕ್ಕ 'ದೊರೆ' ಎಂದು ಬರೆದು ಸಹಿ ಹಾಕಿಯೇಬಿಟ್ಟರು.

ಟೈಲರ ಕಾಗದವನ್ನು ಕೈಗೆ ತೆಗೆದುಕೊಂಡ. ಒಂದು ಸಣ್ಣ ಆಸೆ ಮೂಡಿತು.

"ಹಾಗಾದ್ರೆ ಅಮ್ಮಾವ್ರೆ, ಬಾಡಿಗೆ..."

"ನೀನೇ ಕೊಡಬೇಕು," ಎಂದರು ಒಡತಿ. "ಪಾಪ, ಅವನೇನು ದುಡೀತಾನಾ?"